ಕೆತ್ತಿದವನಿಗೆ ಅವನೇ ಕೆತ್ತಿದ ಹಾರ

ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಸೇಂಟ್ ಪಾಲ್ಸ್ ಅಂತ ಒಂದು ಚರ್ಚಿದೆ. ದೊಡ್ಡ ಗುಮ್ಮಟದ ಸೇಂಟ್ ಪಾಲ್ಸ್ ಕೆಥೆಡ್ರಲ್ ಅಲ್ಲ, ಅದು ಬೇರೆ. ಇದು ಚಿಕ್ಕದು, ನಾಟಕದವರ ಚರ್ಚು ಅಂತಲೇ ಹೆಸರಾದದ್ದು. ಒಳಗೆ ಗೋಡೆ ತುಂಬ ನಟನಟಿಯರ ನೆನಪಿನ ಫಲಕಗಳು. ಚಾರ್ಲಿ ಚಾಪ್ಲಿನ್, ವಿವಿಯನ್ ಲೀ, ನೋಯೆಲ್ ಕವರ್ಡ್, ಬೋರಿಸ್ ಕಾರ್ಲಾಫ್, ಹೀಗೆ ಓದುತ್ತಾ ಹೋಗಬಹುದು. ಇವುಗಳ ನಡುವೆ ಒಂದು ಸ್ಮಾರಕ ಮಾತ್ರ ಬೇರೆ ಜಾತಿಯದು. ಕಲ್ಲಲ್ಲ, ಹಿತ್ತಾಳೆಯೂ ಅಲ್ಲ. ಮರದಲ್ಲಿ ಕೆತ್ತಿದ ಒಂದು ದುಂಡನೆಯ ಹಾರ. ಸೇಂಟ್ ಪಾಲ್ಸ್ ಕೆಥೆಡ್ರಲಿನಿಂದ ಇಲ್ಲಿಗೆ ಬಂದದ್ದು. 1721ರಲ್ಲಿ ಇಲ್ಲೇ ಮಣ್ಣಾದ ಮರಗೆತ್ತನೆಗಾರ ಗ್ರಿನ್ಲಿಂಗ್ ಗಿಬ್ಬನ್ಸ್‌ನ ನೆನಪಿಗೆ ಇಟ್ಟದ್ದು. ಅದನ್ನು ಕೆತ್ತಿದವನೂ ಅವನೇ.

ಎಷ್ಟು ಚೆನ್ನಾಗಿದೆ ಅಂತ ತಲೆದೂಗಿ ಮುಂದೆ ಹೋಗಬಹುದು. ಆದರೆ ಯಾವ ಸ್ಮಾರಕವೂ ತಾನಾಗಿ ಹುಟ್ಟುವುದಿಲ್ಲ. ಯಾರನ್ನು ನೆನೆಯಬೇಕು, ಅವರ ಯಾವ ಮುಖವನ್ನು ಮುಂದೆ ಇಡಬೇಕು, ಯಾವುದನ್ನು ಬಿಡಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಗಿಬ್ಬನ್ಸ್ ವಿಷಯದಲ್ಲಿ ಇದು ಸುಲಭದ ತೀರ್ಮಾನ ಅಲ್ಲ. ಅವನು ಹೊರದೇಶದಲ್ಲಿ ಹುಟ್ಟಿ ಬೆಳೆದವನು. ತಾನೇ ಬೇರೆಯವರಿಗೆ ಗೋರಿ, ಪ್ರತಿಮೆ ಮಾಡಿಕೊಟ್ಟವನು. ಅವುಗಳಲ್ಲಿ ಒಂದಕ್ಕೆ ಚೆನ್ನಾಗಿಯೇ ಬೈಸಿಕೊಂಡವನು. ಜನ ಅವನನ್ನು ಹೂ ಹಣ್ಣು ಕೆತ್ತುವವನು ಅಂತ ನೆನೆಯುತ್ತಾರೆ. ಅವನಿಗೆ ಮಾತ್ರ ಶಿಲ್ಪಿ ಅನ್ನಿಸಿಕೊಳ್ಳುವ ಆಸೆ ಇದ್ದ ಹಾಗೆ ಕಾಣುತ್ತದೆ. ಹೀಗಿರುವಾಗ ಆ ಮರದ ಹಾರ ಅವನಿಗೆ ತಕ್ಕ ಸ್ಮಾರಕವೇ? ಹೌದು, ಆದರೆ ಅರ್ಧ ಮಾತ್ರ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ಮೊದಲಿಂದ ಬರಬೇಕು.

ಹೊಲದ ನಡುವಿನ ಹುಲ್ಲುಮನೆ

ಗಿಬ್ಬನ್ಸ್ ಹುಟ್ಟಿದ್ದು 1648ರ ಏಪ್ರಿಲ್ 4ರಂದು, ರಾಟರ್‌ಡ್ಯಾಮಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಇಂಗ್ಲಿಷರು. ಅಪ್ಪ ಜೇಮ್ಸ್‌ನದು ಬಟ್ಟೆ ವ್ಯಾಪಾರ. ಹುಡುಗ ಬೆಳೆದದ್ದು, ಉಳಿ ಹಿಡಿಯಲು ಕಲಿತದ್ದು ಎಲ್ಲ ಡಚ್ಚರ ನಾಡಿನಲ್ಲೇ. ಸುಮಾರು 19ರ ವಯಸ್ಸಿಗೆ ಇಂಗ್ಲೆಂಡಿಗೆ ಬಂದ. ಒಳ್ಳೆ ಹೊತ್ತಿಗೇ ಬಂದ ಅನ್ನಬೇಕು. 1666ರ ಬೆಂಕಿಯಲ್ಲಿ ಲಂಡನ್ ಸುಟ್ಟು ಹೋಗಿತ್ತು. ಚರ್ಚು, ಮನೆ, ಸಂಘದ ಹಾಲ್ ಎಲ್ಲವನ್ನೂ ಮತ್ತೆ ಕಟ್ಟಬೇಕಿತ್ತು. ಮರಗೆಲಸ, ಕಲ್ಲುಗೆಲಸ ಗೊತ್ತಿದ್ದವನಿಗೆ ಕೈತುಂಬ ಕೆಲಸ. ಆದರೂ ಅವನು ನೇರವಾಗಿ ಲಂಡನ್ನಿಗೆ ನುಗ್ಗಲಿಲ್ಲ. ಮೊದಲು ಉತ್ತರದ ಯಾರ್ಕ್ ಊರಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ. ಆಮೇಲೆ ಥೇಮ್ಸ್ ದಂಡೆಯ ಡೆಪ್ಟ್‌ಫರ್ಡ್‌ಗೆ ಬಂದು ಕೂತ.

ಅಲ್ಲೇ ಜಾನ್ ಈವ್ಲಿನ್ ಕಣ್ಣಿಗೆ ಬಿದ್ದ. ಈವ್ಲಿನ್ ಆಸ್ಥಾನದಲ್ಲಿ ಓಡಾಡುವ ಮನುಷ್ಯ. ಗಿಡಮರಗಳ ಹುಚ್ಚು ಇದ್ದವನು, ವರ್ಷಗಟ್ಟಲೆ ದಿನಚರಿ ಬರೆದವನು. ಅವನ ಮನೆಯೂ ಡೆಪ್ಟ್‌ಫರ್ಡ್‌ನಲ್ಲೇ ಇತ್ತು. 1671ರ ಜನವರಿ 18ರ ದಿನಚರಿಯಲ್ಲಿ ಈ ಭೇಟಿಯ ಕತೆ ಇದೆ. ಹೊಲದ ನಡುವೆ ಒಂಟಿಯಾಗಿ ನಿಂತ ಒಂದು ಬಡ ಹುಲ್ಲುಮನೆ. ಹಾದು ಹೋಗುತ್ತಾ ಈವ್ಲಿನ್ ಕಿಟಕಿಯಲ್ಲಿ ಇಣುಕಿದ. ಒಳಗೊಬ್ಬ ಹುಡುಗ ದೊಡ್ಡ ಹಲಗೆಯ ಮೇಲೆ ಶಿಲುಬೆಯ ದೃಶ್ಯ ಕೆತ್ತುತ್ತಿದ್ದ. ವೆನಿಸ್‌ನ ಚಿತ್ರಗಾರ ಟಿಂಟೊರೆಟ್ಟೊ ಬರೆದ ಚಿತ್ರ ಅದು. ಅದರ ಪ್ರತಿಯೊಂದನ್ನು ಈವ್ಲಿನ್ ತಾನೇ ಹಿಂದೆ ವೆನಿಸ್‌ನಿಂದ ತಂದಿದ್ದ. ಅದಕ್ಕೇ ನೋಡಿದ ಕೂಡಲೇ ಗುರುತು ಹಿಡಿದ. ಕೆತ್ತನೆಯಲ್ಲಿ ನೂರಕ್ಕಿಂತ ಜಾಸ್ತಿ ಆಕೃತಿಗಳಿದ್ದವು.

ಒಳಗೆ ಬರಬಹುದೇ ಅಂತ ಕೇಳಿದ. ಹುಡುಗ ಮರ್ಯಾದೆಯಿಂದ ಬಾಗಿಲು ತೆಗೆದ. ಇಷ್ಟು ದೂರ ಬಂದು ಒಬ್ಬನೇ ಯಾಕೆ ಇದ್ದೀಯ ಅಂದರೆ, ಯಾರ ಕಾಟವೂ ಇಲ್ಲದೆ ಕೆಲಸ ಮಾಡಬೇಕು ಅಂದ. ದೊಡ್ಡವರೊಬ್ಬರಿಗೆ ಪರಿಚಯ ಮಾಡಿಸಲಾ ಅಂದರೆ, ನಾನಿನ್ನೂ ಕಲಿಯುವವನು, ಆದರೆ ಇದು ಮಾರಾಟವಾದರೆ ಬೇಡ ಅನ್ನುವುದಿಲ್ಲ ಅಂದ. ಬೆಲೆ ಎಷ್ಟು? 100 ಪೌಂಡ್. ಅದರ ಚೌಕಟ್ಟಿಗೇ ಅಷ್ಟು ಕೊಡಬಹುದು ಅಂತ ಈವ್ಲಿನ್ ಬರೆದುಕೊಂಡ. ಚೌಕಟ್ಟಿನಲ್ಲಿದ್ದ ಹೂಗಳು ಅವನಿಗೆ ಅಷ್ಟು ಹಿಡಿಸಿದ್ದವು. ಮುಂದೆ ಗಿಬ್ಬನ್ಸ್‌ಗೆ ಜೀವನಪೂರ್ತಿ ಅಂಟಿಕೊಂಡ ಹೆಸರು ಈ ಮೊದಲ ದಿನವೇ ಅಂಟಿತು ಅಂತ ನನಗನ್ನಿಸುತ್ತದೆ. ನೂರು ಜನರನ್ನು ಕೆತ್ತಿದವನಿಗೆ ಹೊಗಳಿಕೆ ಸಿಕ್ಕಿದ್ದು ಅಂಚಿನ ಹೂವಿಗೆ.

ಮಾರ್ಚ್ 1ರಂದು ಈವ್ಲಿನ್ ಆ ಹಲಗೆಯನ್ನು ವೈಟ್‌ಹಾಲ್ ಅರಮನೆಗೆ ಹೊರಿಸಿದ. ಎರಡನೇ ಚಾರ್ಲ್ಸ್ ದೊರೆ ನೋಡಿ ಮೆಚ್ಚಿದ. ರಾಣಿ ನೋಡಲಿ ಅಂತ ಅವಳ ಕೋಣೆಗೆ ಕಳಿಸಿದ. ಅಲ್ಲಿ ಕೆಲಸ ಕೆಟ್ಟಿತು. ಫ್ರಾನ್ಸಿನಿಂದ ಲಂಗ, ಬೀಸಣಿಗೆ ತಂದು ಅರಮನೆಯ ಹೆಂಗಸರಿಗೆ ಮಾರುವ ಒಬ್ಬಳು ಅಲ್ಲಿದ್ದಳು. ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂತ ಕೊಂಕು ತೆಗೆಯಲು ಶುರು ಮಾಡಿದಳು. ಕತ್ತೆಗೋ ಕೋತಿಗೋ ಗೊತ್ತಿರುವಷ್ಟೂ ಅವಳಿಗೆ ಗೊತ್ತಿರಲಿಲ್ಲ ಅಂತ ಈವ್ಲಿನ್ ಸಿಟ್ಟು ತೀರಿಸಿಕೊಂಡಿದ್ದಾನೆ. ವ್ಯಾಪಾರ ಕುದುರಲಿಲ್ಲ. ಗಿಬ್ಬನ್ಸ್ ಆಮೇಲೆ ಅದನ್ನು 80 ಪೌಂಡಿಗೆ ಬೇರೊಬ್ಬನಿಗೆ ಮಾರಿದ. ಇವತ್ತು ಅದು ಚೆಷರ್‌ನ ಡನಮ್ ಮ್ಯಾಸಿ ಬಂಗಲೆಯಲ್ಲಿದೆ.

ಅರಮನೆ ಆ ಹಲಗೆ ಕೊಳ್ಳದಿದ್ದರೂ ಅವನ ಕೈ ಬಿಡಲಿಲ್ಲ. ವಿಂಡ್ಸರ್ ಕೋಟೆಯ ಕೆಲಸ ಸಿಕ್ಕಿತು. ಮುಂದೆ ಕ್ರಿಸ್ಟೋಫರ್ ರೆನ್ ಕಟ್ಟಿಸಿದ ಸೇಂಟ್ ಪಾಲ್ಸ್ ಕೆಥೆಡ್ರಲಿನ ಗಾಯಕವೃಂದದ ಪೀಠಗಳು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯ, ಹ್ಯಾಂಪ್ಟನ್ ಕೋರ್ಟ್ ಅರಮನೆ, ಪೆಟ್‌ವರ್ತ್ ಬಂಗಲೆಯ ಕೆತ್ತನೆಯ ಕೋಣೆ. ಇಂಗ್ಲೆಂಡಿನ ದೊರೆ ಬೇರೆ ದೇಶದವರಿಗೆ ಉಡುಗೊರೆ ಕೊಡಬೇಕೆಂದರೂ ಗಿಬ್ಬನ್ಸ್‌ಗೇ ಹೇಳಿ ಕಳಿಸುವಂತಾಯಿತು. ಫ್ಲಾರೆನ್ಸಿನ ದೊರೆ ಮೂರನೇ ಕೋಸಿಮೊಗೆ 1682ರಲ್ಲಿ ಹೋದ ಕೆತ್ತನೆ ಇವತ್ತಿಗೂ ಅಲ್ಲೇ ಇದೆ.

ಪರದೇಶಿಯೋ ಅಲ್ಲವೋ

ಅವನನ್ನು ಹೊರನಾಡಿನವನು ಅಂತ ಕರೆಯುವುದು ಸರಿಯೇ ಅಂತ ಯಾರಾದರೂ ಕೇಳಬಹುದು. ಅಪ್ಪ ಅಮ್ಮ ಇಂಗ್ಲಿಷರು ತಾನೇ? ನಿಜ. 1672ರಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿಗಳ ಸಂಘಕ್ಕೆ ಸದಸ್ಯನಾಗಿ ಸೇರಿದ್ದೂ ಅಪ್ಪನ ಹಕ್ಕಿನ ಮೇಲೆಯೇ. ಮರ ಕೆತ್ತುವವನಿಗೆ ಬಟ್ಟೆಯವರ ಸಂಘ ಯಾಕೆ ಅನ್ನಬೇಡಿ. ಆ ಸದಸ್ಯತ್ವ ಇದ್ದರೆ ಲಂಡನ್ ಪೇಟೆಯಲ್ಲಿ ಧಂದೆ ನಡೆಸಲು ದಾರಿ ಸಲೀಸು. ಹಾಲೆಂಡಿನಿಂದ, ಫ್ಲಾಂಡರ್ಸ್‌ನಿಂದ ಬಂದ ಉಳಿದ ಶಿಲ್ಪಿಗಳಿಗೆ ಈ ಅನುಕೂಲ ಇರಲಿಲ್ಲ.

ಆದರೆ ಅವನು ಬರೆದ ಪತ್ರಗಳನ್ನು ನೋಡಿದರೆ ಬೇರೆ ಮನುಷ್ಯ ಕಾಣುತ್ತಾನೆ. ಇಂಗ್ಲಿಷನ್ನು ಕಿವಿಗೆ ಕೇಳಿಸಿದ ಹಾಗೆ ಬರೆಯುತ್ತಿದ್ದ. ಕಾಗುಣಿತಕ್ಕೆ ಹಿಡಿತವೇ ಇಲ್ಲ. ಕೈಯಲ್ಲಿದ್ದ ವಿದ್ಯೆಯೂ ಡಚ್ಚರದೇ. ಗೋಡೆಯಿಂದ ಹೂ, ಹಣ್ಣು, ಹಕ್ಕಿ ಹೊರಗೆ ಜೋತು ಬಿದ್ದ ಹಾಗೆ ಕೆತ್ತುವ ರೀತಿ ಸಮುದ್ರದ ಆಚೆಯಿಂದ ಬಂದದ್ದು.

ಇದ್ದ ಬೀದಿಯೂ ಹಾಗೆಯೇ. 1678ರ ಹೊತ್ತಿಗೆ ಅವನು ಕೋವೆಂಟ್ ಗಾರ್ಡನ್‌ನ ಬೋ ಸ್ಟ್ರೀಟಿಗೆ ಮನೆ ಬದಲಾಯಿಸಿದ. ಹತ್ತಿರದಲ್ಲೇ ಆಸ್ಥಾನ ಚಿತ್ರಗಾರ ಪೀಟರ್ ಲೀಲಿ ಇದ್ದ. ಲೀಲಿಯ ಮೂಲ ಡಚ್ಚರದು, ಹುಟ್ಟಿದ್ದು ಜರ್ಮನಿಯ ಕಡೆಯ ಸೂಸ್ಟ್ ಊರಿನಲ್ಲಿ. ಆಮೇಲೆ ಅದೇ ಬಡಾವಣೆಗೆ ಬಂದ ಗಾಡ್‌ಫ್ರಿ ನೆಲ್ಲರ್ ಲ್ಯೂಬೆಕ್‌ನವನು. ಅಂದರೆ ಆಗಿನ ಇಂಗ್ಲಿಷ್ ಕಲೆ ಅಂತ ಇವತ್ತು ತೋರಿಸುವುದರಲ್ಲಿ ದೊಡ್ಡ ಪಾಲು ಹೊರಗಿಂದ ಬಂದವರದು. ಅವರೆಲ್ಲ ನಾಲ್ಕು ಹೆಜ್ಜೆ ದೂರದಲ್ಲಿ ಬದುಕುತ್ತಿದ್ದರು. ಅವರ ನಡುವೆ ಇದ್ದದ್ದೇ ಈ ಚರ್ಚು.

ಗಿಬ್ಬನ್ಸ್‌ನ ಬೋ ಸ್ಟ್ರೀಟ್ ಮನೆ 1702ರ ಜನವರಿಯಲ್ಲಿ ಕುಸಿದು ಬಿತ್ತು. ಮನೆಯವರು ಬದುಕಿಕೊಂಡರು. ಮತ್ತೆ ಕಟ್ಟಿಕೊಂಡು ಅಲ್ಲೇ ಉಳಿದ. ಇಂಥ ಕೆಲಸಗಾರನಿಗೆ ಬೇರೆ ಕಡೆ ಹೋಗಲು ಏನೂ ಅಡ್ಡಿ ಇರಲಿಲ್ಲ. ಹೋಗಲಿಲ್ಲ. 1714ರಲ್ಲಿ ಒಂದನೇ ಜಾರ್ಜ್ ದೊರೆ ಅವನನ್ನು ಆಸ್ಥಾನದ ಮುಖ್ಯ ಮರಗೆತ್ತನೆಗಾರ ಅಂತ ನೇಮಿಸಿದ. ಹೆಂಡತಿ ಎಲಿಜಬೆತ್ 1719ರಲ್ಲಿ ತೀರಿಕೊಂಡಳು. ಅವನು 1721ರ ಆಗಸ್ಟ್ 3ರಂದು.

ಚರ್ಚು ಏನು ಉಳಿಸಿಕೊಂಡಿತು, ಏನು ಕಳೆದುಕೊಂಡಿತು

ಈ ಚರ್ಚನ್ನು 1630ರ ದಶಕದಲ್ಲಿ ಇನಿಗೋ ಜೋನ್ಸ್ ಕಟ್ಟಿದ. ಜಾಗದ ಒಡೆಯ ಬೆಡ್‌ಫರ್ಡ್‌ನ ಅರ್ಲ್. ಜಾಸ್ತಿ ಖರ್ಚು ಮಾಡಲು ಮನಸ್ಸಿಲ್ಲ, ಕಣಜಕ್ಕಿಂತ ತುಸು ಮೇಲಿದ್ದರೆ ಸಾಕು ಅಂದನಂತೆ. ಹಾಗಾದರೆ ಇಂಗ್ಲೆಂಡಿನಲ್ಲೇ ಚೆಂದದ ಕಣಜ ಕಟ್ಟಿಕೊಡುತ್ತೇನೆ ಅಂದನಂತೆ ಜೋನ್ಸ್. ಚೌಕದ ಕಡೆಗೆ ದಪ್ಪ ಕಂಬಗಳ ದೊಡ್ಡ ಮುಖಮಂಟಪ, ನಡುವೆ ದೊಡ್ಡ ಬಾಗಿಲು. ಆ ಬಾಗಿಲು ಬರೀ ತೋರಿಕೆಯದು. ಚರ್ಚಿನ ಬಲಿಪೀಠ ಪೂರ್ವದಲ್ಲೇ ಇರಬೇಕು ಅಂತ ಲಂಡನ್ನಿನ ಬಿಷಪ್ ಲಾಡ್ ಪಟ್ಟು ಹಿಡಿದ. ಪೂರ್ವದಲ್ಲಿ ಚೌಕದ ಕಡೆಯ ಬಾಗಿಲು ಬಂದುಬಿಟ್ಟಿತ್ತು. ಬಾಗಿಲು ಮುಚ್ಚಿಹೋಯಿತು, ಪೀಠ ಅದರ ಹಿಂದೆ ಬಂತು. ಇವತ್ತಿಗೂ ಒಳಗೆ ಹೋಗಬೇಕಾದರೆ ಸುತ್ತು ಹಾಕಿ ಪಶ್ಚಿಮದ ಬಾಗಿಲಿಗೆ ಬರಬೇಕು. ಚೌಕದಲ್ಲಿ ಬೀದಿ ಆಟ ನೋಡಲು ನಿಂತ ನೂರಾರು ಜನರಿಗೆ ತಮ್ಮ ಮುಂದಿರುವುದು ಚರ್ಚಿನ ಬೆನ್ನು ಅಂತ ಗೊತ್ತಿರುವುದಿಲ್ಲ.

ಆ ಮಂಟಪದ ಗೋಡೆಯಲ್ಲಿ ಒಂದು ಬರಹ ಇದೆ. 1662ರಲ್ಲಿ ದಿನಚರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಇಂಗ್ಲೆಂಡಿನ ಮೊದಲ ಪಂಚ್ ಗೊಂಬೆಯಾಟವನ್ನು ಇಲ್ಲೇ ಹತ್ತಿರದಲ್ಲಿ ನೋಡಿದ ಅಂತ. ಗೊಂಬೆಯಾಟಕ್ಕೆ ಕಲ್ಲಿನಲ್ಲಿ ಬರಹ. ತಮಾಷೆ ಅಲ್ವಾ?

1680ರಲ್ಲಿ ಲೀಲಿ ತೀರಿಕೊಂಡಾಗ ಅವನನ್ನು ಹೂಳಿದ್ದು ಈ ಚರ್ಚಿನಲ್ಲೇ. ಅವನ ಸ್ಮಾರಕ ಮಾಡಿದವನು ಗಿಬ್ಬನ್ಸ್. ಅದರಲ್ಲಿ ಲೀಲಿಯ ಎದೆಮಟ್ಟದ ಪ್ರತಿಮೆ ಇತ್ತು. ಅಂದರೆ ಗಿಬ್ಬನ್ಸ್ ಬದುಕಿದ್ದಾಗಲೇ ಅವನ ಕೈಕೆಲಸ ಅವನ ಚರ್ಚಿನೊಳಗಿತ್ತು. ವಲಸೆ ಬಂದ ಒಬ್ಬ ಕಲಾವಿದನಿಗೆ ಇನ್ನೊಬ್ಬ ಮಾಡಿಕೊಟ್ಟ ನೆನಪು. ಸಾಯುವವರೆಗೆ ಅವನು ಪ್ರಾರ್ಥನೆಗೆ ಬಂದಾಗಲೆಲ್ಲ ತಾನೇ ಮಾಡಿದ ಗೆಳೆಯನ ಮುಖ ನೋಡಬಹುದಿತ್ತು.

1795ರಲ್ಲಿ ಚಾವಣಿ ರಿಪೇರಿ ಮಾಡುತ್ತಿದ್ದ ಕೆಲಸದವರಿಂದ ಬೆಂಕಿ ಬಿತ್ತು. ಗೋಡೆ ನಿಂತವು, ಒಳಗೆ ಬೂದಿ. ಲೀಲಿಯ ಸ್ಮಾರಕ ಹೋಯಿತು. ಥಾಮಸ್ ಹಾರ್ಡ್‌ವಿಕ್ ಮತ್ತೆ ಕಟ್ಟಿದ. ಆಮೇಲೆ 1850ರ ದಶಕದಲ್ಲಿ ಸುತ್ತಲಿನ ಸ್ಮಶಾನ ಮುಚ್ಚಿದರು. ಗೋರಿಕಲ್ಲುಗಳನ್ನು ತೆಗೆದು ಹಾಕಿದರು. ಈಗ ಅದು ಮಧ್ಯಾಹ್ನ ಜನ ಡಬ್ಬಿ ಬಿಚ್ಚಿ ಊಟ ಮಾಡುವ ತೋಟ. 1665ರ ಪ್ಲೇಗಿನಲ್ಲಿ ಮೊದಲು ಸತ್ತವಳು ಅಂತ ಹೇಳುವ ಮಾರ್ಗರೆಟ್ ಪಾಂಟಿಯಸ್‌ಳನ್ನೂ ಹೂಳಿದ್ದು ಇದೇ ನೆಲದಲ್ಲಿ. ಇಲ್ಲೇ ಗಿಬ್ಬನ್ಸ್ ಮಲಗಿದ್ದಾನೆ ಅಂತ ಬೆರಳು ಮಾಡಿ ತೋರಿಸಲು ಒಂದು ಕಲ್ಲೂ ಉಳಿದಿಲ್ಲ.

ಹೀಗೆ ಚರ್ಚಿನ ಮುಂದೆ ಇದ್ದ ಸಮಸ್ಯೆ ಸ್ಪಷ್ಟ. ಇಂಗ್ಲೆಂಡಿನಲ್ಲೇ ಎಲ್ಲರಿಗಿಂತ ದೊಡ್ಡ ಮರಗೆತ್ತನೆಗಾರ ತಮ್ಮ ಮಣ್ಣಿನಲ್ಲಿದ್ದಾನೆ. ಗೋರಿ ಇಲ್ಲ. ಅವನು ಈ ಚರ್ಚಿಗೇ ಅಂತ ಮಾಡಿದ ಸ್ಮಾರಕ ಸುಟ್ಟು ಹೋಗಿದೆ. ಏನು ಮಾಡುವುದು?

ಬರಹದ ಬದಲು ಕೆಲಸ

ಗೋಡೆಗೆ ಇನ್ನೊಂದು ಹೆಸರಿನ ಫಲಕ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಈ ಚರ್ಚಿನಲ್ಲಿ ಹೆಸರಿನ ಫಲಕಕ್ಕೆ ಬೆಲೆ ಕಡಿಮೆ, ಅಷ್ಟೊಂದು ಇವೆ. ಕಣ್ಣು ಚಾಪ್ಲಿನ್ ಹೆಸರಿನ ಮೇಲೆ ನಿಂತು ಉಳಿದದ್ದನ್ನು ಸವರಿಕೊಂಡು ಹೋಗುತ್ತದೆ. ಹಳೆಯ ಕಾಲದ ನಟ ಚಾರ್ಲ್ಸ್ ಮ್ಯಾಕ್ಲಿನ್‌ನ ಸ್ಮಾರಕ ಮಾತ್ರ ನಿಲ್ಲಿಸಿ ನೋಡಿಸುತ್ತದೆ. ನಾಟಕದ ಮುಖವಾಡ, ಅದರ ಕಣ್ಣಿಗೆ ಚುಚ್ಚಿದ ಚೂರಿ. ಮ್ಯಾಕ್ಲಿನ್ 1735ರಲ್ಲಿ ಒಂದು ವಿಗ್ ಸಲುವಾಗಿ ಜಗಳವಾಡಿ ಜೊತೆಯ ನಟನೊಬ್ಬನ ಕಣ್ಣಿಗೆ ಕೋಲು ತಿವಿದಿದ್ದ, ಆ ನಟ ಸತ್ತೇಹೋದ. ಸ್ಮಾರಕ ಮಾಡಿದವರು ಅದನ್ನು ಮುಚ್ಚಿಡಲಿಲ್ಲ. ನನಗಂತೂ ಆ ಧೈರ್ಯ ಇಷ್ಟ.

ಗಿಬ್ಬನ್ಸ್‌ಗೆ ಸಿಕ್ಕಿದ್ದು ಮೂರನೆಯ ದಾರಿ. ಅವನ ಬಗ್ಗೆ ಹೇಳುವುದಲ್ಲ, ಅವನನ್ನೇ ತಂದು ತೋರಿಸುವುದು. ಹಾರ ಸಾವಿನ ಮನೆಗೆ ಒಪ್ಪುವ ವಸ್ತು, ಆದ್ದರಿಂದ ಬೇರೆ ಅಲಂಕಾರ ಬೇಕಾಗಲಿಲ್ಲ. ಹತ್ತಿರ ನಿಂತವನಿಗೆ ಈತ ಯಾಕೆ ದೊಡ್ಡವನು ಅಂತ ವಿವರಿಸುವುದೂ ಬೇಡ.

ಆ ಕೈಚಳಕ ಎಂಥದ್ದು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಅವನು ಹೆಚ್ಚಾಗಿ ಬಳಸಿದ್ದು ಲೈಮ್ ಮರ. ನಮ್ಮ ನಿಂಬೆ ಗಿಡಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಯುರೋಪಿನ ಸಾಲುಮರ. ಮೆದು, ಹಗುರ, ಎಳೆ ಕಾಣದಷ್ಟು ನುಣುಪು. ಉಳಿ ಯಾವ ದಿಕ್ಕಿನಿಂದ ಹೋದರೂ ಸಿಬಿರು ಏಳುವುದು ಕಡಿಮೆ. ಮೊದಲು ಹೂವಿನ ಮೇಲ್ಮುಖ ಬಿಡಿಸುತ್ತಾರೆ. ನಿಜವಾದ ಕೆಲಸ ಇರುವುದು ಆಮೇಲೆ. ಹಲಗೆಯನ್ನು ಮಗುಚಿ ಹಿಂದಿನಿಂದ ಮರ ತೆಗೆಯುತ್ತಾ ಬರಬೇಕು. ದಳದ ಅಂಚು ಕಾಗದದಷ್ಟು ತೆಳುವಾಗುವವರೆಗೆ, ದಂಟು ಗಾಳಿಯಲ್ಲಿ ನಿಂತ ಹಾಗೆ ಕಾಣುವವರೆಗೆ. ಇಲ್ಲಿ ಕೊಡತಿ ಕೆಲಸಕ್ಕೆ ಬರುವುದಿಲ್ಲ, ಬರೀ ಕೈಯ ಒತ್ತಡ. ದೊಡ್ಡ ಗೊಂಚಲು ಒಂದೇ ದಿಮ್ಮಿಯದಲ್ಲ. ಪದರ ಪದರವಾಗಿ ಕೆತ್ತಿ ಒಂದರ ಮೇಲೊಂದು ಕೂಡಿಸಿದ್ದು. ಇಷ್ಟಾದ ಮೇಲೆ ನೆರಳೇ ಅರ್ಧ ಕೆಲಸ ಮಾಡುತ್ತದೆ. ರಸ್ತೆಯಲ್ಲಿ ಸಾರೋಟು ಹೋದರೆ ಅವನು ಕೆತ್ತಿದ ಹೂಕುಂಡದ ಹೂಗಳು ಅಲುಗಾಡುತ್ತಿದ್ದವು ಅಂತ 18ನೇ ಶತಮಾನದ ಬರಹಗಾರ ಹೊರೇಸ್ ವಾಲ್‌ಪೋಲ್ ಬರೆದಿದ್ದಾನೆ.

ಇದೇ ವಾಲ್‌ಪೋಲ್ ಹತ್ತಿರ ಗಿಬ್ಬನ್ಸ್ ಕೆತ್ತಿದ್ದು ಅನ್ನುವ ಮರದ ಕೊರಳಪಟ್ಟಿ ಒಂದಿತ್ತು. ವೆನಿಸ್‌ನ ಲೇಸ್ ಬಟ್ಟೆಯ ಒಂದೊಂದು ತೂತೂ ಮರದಲ್ಲಿ. 1769ರಲ್ಲಿ ಹೊರದೇಶದ ದೊಡ್ಡ ಅತಿಥಿಗಳು ಬಂದಾಗ ಅದನ್ನೇ ಕೊರಳಿಗೆ ಕಟ್ಟಿಕೊಂಡು ಬಾಗಿಲಿಗೆ ಬಂದ. ಅವರ ಜೊತೆಗೆ ಬಂದ ಫ್ರೆಂಚ್ ಆಳುಗಳು ಇಂಗ್ಲಿಷ್ ಜಮೀನ್ದಾರರು ಹೀಗೇ ಉಡುತ್ತಾರೆ ಅಂತ ನಂಬಿಬಿಟ್ಟರಂತೆ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಅರ್ಧ ಅಂದದ್ದು ಯಾಕೆ

ಈಗ ನನ್ನ ತಕರಾರಿಗೆ ಬರುತ್ತೇನೆ. ನೆಲ್ಲರ್ ಬರೆದ ಗಿಬ್ಬನ್ಸ್‌ನ ಭಾವಚಿತ್ರ ಒಂದಿದೆ, ಪೀಟರ್ಸ್‌ಬರ್ಗಿನ ಹರ್ಮಿಟೇಜ್‌ನಲ್ಲಿ. ದೊಡ್ಡ ವಿಗ್, ಒಳ್ಳೆ ಬಟ್ಟೆ. ಕೈಯಲ್ಲಿ ಅಳತೆಯ ಕೈವಾರ. ಎದುರಿಗೆ ಒಂದು ಪ್ರತಿಮೆಯ ತಲೆ, ಬರ್ನಿನಿ ಮಾಡಿದ ಪ್ರೊಸರ್ಪಿನಾಳದ್ದು. ಹೂವೊಂದೂ ಇಲ್ಲ, ಉಳಿಯೂ ಇಲ್ಲ. ರೋಮಿನ ದೊಡ್ಡ ಶಿಲ್ಪಿಯ ಸಾಲಿನಲ್ಲಿ ತನ್ನನ್ನು ನೋಡಿ ಅಂತ ಅವನು ಹೇಳಿದ ಹಾಗಿದೆ.

ಅಮೃತಶಿಲೆ, ಕಂಚಿನ ಕೆಲಸವೂ ಅವನ ಕಾರ್ಯಾಗಾರದಿಂದ ಸಾಕಷ್ಟು ಹೋಗಿದೆ. ಚೆಲ್ಸಿ ಆಸ್ಪತ್ರೆಯ ಅಂಗಳದ ಎರಡನೇ ಚಾರ್ಲ್ಸ್, ಟ್ರಫಾಲ್ಗರ್ ಚೌಕದಲ್ಲಿ ನ್ಯಾಷನಲ್ ಗ್ಯಾಲರಿ ಮುಂದಿನ ಎರಡನೇ ಜೇಮ್ಸ್, ಪಿಕಡಿಲಿಯ ಸೇಂಟ್ ಜೇಮ್ಸ್ ಚರ್ಚಿನ ಅಮೃತಶಿಲೆಯ ಜ್ಞಾನಸ್ನಾನದ ತೊಟ್ಟಿ. ಕವಿ ವಿಲಿಯಂ ಬ್ಲೇಕ್‌ಗೆ 1757ರಲ್ಲಿ ಆ ತೊಟ್ಟಿಯಲ್ಲೇ ಜ್ಞಾನಸ್ನಾನ ಆದದ್ದು.

ಎಲ್ಲವೂ ಚೆನ್ನಾಗಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅಡ್ಮಿರಲ್ ಕ್ಲೌಡೆಸ್ಲಿ ಶೊವೆಲ್‌ನ ಗೋರಿ ಇದೆ. 1707ರಲ್ಲಿ ಸಿಲಿ ದ್ವೀಪಗಳ ಬಂಡೆಗೆ ಹಡಗು ಬಡಿದು ಸತ್ತ ನಾವಿಕ. ಗಿಬ್ಬನ್ಸ್ ಅವನನ್ನು ಉದ್ದನೆಯ ವಿಗ್ ಹಾಕಿಸಿ, ಮೆತ್ತೆಯ ಮೇಲೆ ಒರಗಿಸಿ, ಮೇಲೆ ಮೇಲ್ಕಟ್ಟು ಕಟ್ಟಿ ಮಲಗಿಸಿದ. ಪ್ರಬಂಧಕಾರ ಜೋಸೆಫ್ ಅಡಿಸನ್ 1711ರಲ್ಲಿ ಇದನ್ನು ಜಾಡಿಸಿ ಬರೆದ. ಸಮುದ್ರದ ಗಟ್ಟಿಗನನ್ನು ಶೋಕಿಲಾಲನ ಹಾಗೆ ತೋರಿಸಿದ್ದಾರಲ್ಲ ಅಂತ. ಸತ್ತವನು ನಿಜಕ್ಕೂ ಯಾರಾಗಿದ್ದನೋ ಅದನ್ನೇ ಮರೆತ ಸ್ಮಾರಕ ಅದು. ಮಾಡಿದವನು ಗಿಬ್ಬನ್ಸ್.

ಇದನ್ನು ಪಕ್ಕಕ್ಕಿಟ್ಟು ನೋಡಿದರೆ ಅವನ ಹಾರ ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಶೊವೆಲ್‌ಗೆ ಅವನು ಮಾಡಿದ ತಪ್ಪನ್ನು ಚರ್ಚಿನವರು ಅವನಿಗೆ ಮಾಡಲಿಲ್ಲ. ವಿಗ್ ಹಾಕಿದ ಅಮೃತಶಿಲೆಯ ಗಿಬ್ಬನ್ಸ್ ಬದಲು ಅವನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದ ಕೆಲಸವನ್ನೇ ಇಟ್ಟರು. ಅವನ ಆಸೆಗಿಂತ ಅವನ ಕೈ ದೊಡ್ಡದು ಅಂತ ತೀರ್ಪು ಕೊಟ್ಟ ಹಾಗೆ. ತೀರ್ಪು ಸರಿ. ಆದರೆ ಇದರಿಂದ ಅವನ ಬದುಕಿನ ಒಂದು ಭಾಗ ಕಣ್ಮರೆಯಾಗುತ್ತದೆ. ಲೀಲಿಯ ಪ್ರತಿಮೆಯೂ ಸುಟ್ಟಿರುವುದರಿಂದ ಇಲ್ಲಿ ಅವನು ಕಲ್ಲು ಮುಟ್ಟಿದವನು ಅನ್ನುವುದಕ್ಕೆ ಸಾಕ್ಷಿಯೇ ಇಲ್ಲ.

ಇನ್ನೊಂದು ವಿಷಯ ಜೊತೆಗಾರರದು. ಕಂಚು, ಅಮೃತಶಿಲೆಯಲ್ಲಿ ಗಿಬ್ಬನ್ಸ್‌ಗೆ ಅಷ್ಟು ಪಳಗಿದ ಕೈ ಇರಲಿಲ್ಲ, ಅದಕ್ಕೆ ಒಳ್ಳೆಯವರನ್ನು ಇಟ್ಟುಕೊಂಡಿದ್ದ ಅಂತ ಕಲಾವಿದರ ವಿವರ ಕಲೆಹಾಕುತ್ತಿದ್ದ ಜಾರ್ಜ್ ವರ್ಟ್ಯೂ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ಆಂಟ್‌ವರ್ಪ್‌ನ ಆರ್ನಲ್ಡ್ ಕ್ವೆಲಿನ್ 1680ರ ದಶಕದ ಮೊದಲಲ್ಲಿ ಅವನ ಪಾಲುದಾರನಾಗಿದ್ದ, ಆಮೇಲೆ ಇಬ್ಬರಿಗೂ ಕೆಟ್ಟಿತು. ಎರಡನೇ ಜೇಮ್ಸ್ ಪ್ರತಿಮೆಯ ಕೆಲಸ ಮಾಡಿದವರು ವಾನ್ ಡರ್ ಮ್ಯೂಲನ್ ಮತ್ತು ಡಿವೂಟ್ ಅಂತ ವರ್ಟ್ಯೂ ಹೆಸರು ಕೊಡುತ್ತಾನೆ. ಅವರೂ ಸಮುದ್ರ ದಾಟಿ ಬಂದವರೇ. ಬಟ್ಟೆಯವರ ಸಂಘದಲ್ಲಿ ಅಪ್ಪನ ಹೆಸರು ಇದ್ದವನ ಹೆಸರು ಉಳಿಯಿತು. ಇಲ್ಲದವರು ಎಲೆಮರೆಯ ಕಾಯಿ ಆದರು. ಇತ್ತ ಮರದ ಕೆಲಸದಲ್ಲಿ ಉಲ್ಟಾ ಆಗಿದೆ. ಹಳೆಯ ಚರ್ಚಿನಲ್ಲಿ ಚೆಂದದ ಹೂಗೆತ್ತನೆ ಕಂಡರೆ ಗಿಬ್ಬನ್ಸ್‌ದು ಅಂದುಬಿಡುವುದು ರೂಢಿ. ಸೇಂಟ್ ಮೇರಿ ಅಬ್‌ಚರ್ಚ್‌ನ ಬಲಿಪೀಠದ ಹಿಂದಿನ ಕೆತ್ತನೆಗೆ ಅವನ ರಸೀದಿ, ಪತ್ರ ಸಿಕ್ಕಿವೆ. ಅಂಥ ದಾಖಲೆ ಎಲ್ಲ ಕಡೆ ಇಲ್ಲ.

ಮರ ಅಂದ ಮೇಲೆ ಪಾಡು ಬೇರೆ

ಕಲ್ಲಿನ ಫಲಕಕ್ಕೆ ವರ್ಷಕ್ಕೊಮ್ಮೆ ಒದ್ದೆ ಬಟ್ಟೆ ಸಾಕು. ಲೈಮ್ ಮರಕ್ಕೆ ಹುಳು ಬರುತ್ತದೆ. ಹೀಟರ್ ಗಾಳಿಗೆ ಸೆಟೆದುಕೊಳ್ಳುತ್ತದೆ. ಧೂಳು ಒರೆಸಲು ಹೋದರೆ ದಳ ಮುರಿಯುತ್ತದೆ. ಗಿಬ್ಬನ್ಸ್ ಕೆತ್ತಿದಾಗ ಈ ಮರ ತಿಳಿ ಕೆನೆ ಬಣ್ಣದ್ದು, ಹೊಳಪು ಬಳಿಯದ್ದು. ಹಿಂದೆ ಗಾಢ ಬಣ್ಣದ ಓಕ್ ಹಲಗೆ, ಮುಂದೆ ಬೆಳ್ಳಗಿನ ಹೂ. ಮುಂದಿನವರು ಮೇಣ ಹಚ್ಚಿದರು, ವಾರ್ನಿಷ್ ಹಚ್ಚಿದರು. ಈಗ ಬಹಳ ಕಡೆ ನಾವು ನೋಡುವ ಕಂದು ಗಿಬ್ಬನ್ಸ್ ಅವನು ನೋಡಿದ್ದಲ್ಲ.

1986ರ ಮಾರ್ಚ್ 31ರಂದು ಹ್ಯಾಂಪ್ಟನ್ ಕೋರ್ಟ್‌ಗೆ ಬೆಂಕಿ ಬಿದ್ದಾಗ ಸುಮಾರು 7 ಅಡಿ ಉದ್ದದ ಒಂದು ಇಳಿಬಿದ್ದ ಗೊಂಚಲು ಪೂರ್ತಿ ಸುಟ್ಟು ಹೋಯಿತು. ಅದನ್ನು ಮತ್ತೆ ಕೆತ್ತಲು ಕರೆಸಿದ್ದು ಅಮೆರಿಕದ ಡೇವಿಡ್ ಎಸ್ಟರ್ಲಿಯನ್ನು. ಸಾಹಿತ್ಯ ಓದಲು ಇಂಗ್ಲೆಂಡಿಗೆ ಬಂದು, ಪಿಕಡಿಲಿಯ ಚರ್ಚಿನಲ್ಲಿ ಗಿಬ್ಬನ್ಸ್ ಕೆಲಸ ನೋಡಿ ಉಳಿ ಹಿಡಿದವರು ಅವರು. ಸುಮಾರು ಒಂದು ವರ್ಷ ಕೆತ್ತಿದರು. ಉಪ್ಪುಕಾಗದ ಇಲ್ಲದ ಕಾಲದಲ್ಲಿ ಗಿಬ್ಬನ್ಸ್ ಮರ ನುಣುಪು ಮಾಡಿದ್ದು ಹೇಗೆ ಅನ್ನುವ ಗಂಟೂ ಅವರ ಕೈಗೆ ಬಿಚ್ಚಿತು. ಹಳೆಯ ಕೆತ್ತನೆಗಳ ಮೇಲಿನ ಸಣ್ಣ ಗೀರು ನೋಡಿ, ಒರಟು ದಂಟಿನ ಒಂದು ಜೌಗು ಹುಲ್ಲಿನಿಂದ ಉಜ್ಜುತ್ತಿದ್ದ ಅಂತ ಕಂಡುಕೊಂಡರು.

ಇದೆಲ್ಲ ಹೇಳಿದ್ದು ಯಾಕೆಂದರೆ, ಮೂಲ ಕೆತ್ತನೆಯನ್ನೇ ಸ್ಮಾರಕ ಮಾಡಿದರೆ ಅದನ್ನು ಕಾಯುವ ಹೊಣೆಯೂ ಮೈಮೇಲೆ ಬರುತ್ತದೆ. ಹೆಸರಿನ ಕಲ್ಲು ಒಡೆದರೆ ಇನ್ನೊಂದು ಬರೆಸಬಹುದು. ಈ ಹಾರ ಹೋದರೆ ಹೋಯಿತು. ಒಮ್ಮೆ ಬೆಂಕಿ ಕಂಡ ಕಟ್ಟಡ ಇದು. ಕೆಥೆಡ್ರಲಿನಿಂದ ಒಂದು ತುಣುಕನ್ನು ಬೇರೆ ಕಡೆಗೆ ಒಯ್ಯುವುದು ಸರಿಯೇ ಅನ್ನುವ ಪ್ರಶ್ನೆಯೂ ಉಂಟು. ಕೆಥೆಡ್ರಲಿನಲ್ಲಿ 1860ರಲ್ಲೇ ಗಾಯಕರ ಕಡೆಯ ಅಡ್ಡತೆರೆ ತೆಗೆದು ಆರ್ಗನ್ ಸರಿಸಿದ್ದರು, ಗಿಬ್ಬನ್ಸ್‌ನ ಕೆಲಸ ಅಲ್ಲೂ ಇದ್ದಲ್ಲೇ ಇರಲಿಲ್ಲ. ಅವನ ಮನೆ ಹತ್ತಿರದ ಚರ್ಚಿಗೆ ಒಂದು ಹಾರ ಬಂದರೆ ನನಗೇನೂ ತಕರಾರಿಲ್ಲ.

2021ರಲ್ಲಿ ಅವನು ಸತ್ತು 300 ವರ್ಷ ಆಯಿತು. ಅವನ ಹೆಸರಿನ ಸಂಘದವರು ಪ್ರದರ್ಶನ ಏರ್ಪಡಿಸಿದರು. ಮೊದಲು ಲಂಡನ್ನಿನಲ್ಲಿ, ಆಮೇಲೆ ವಾರಿಕ್‌ಷರ್‌ನ ಕಾಂಪ್ಟನ್ ವರ್ನಿಯಲ್ಲಿ.

ಆ ಹಾರದ ಪಕ್ಕಕ್ಕೆ ಬರಹ ಬರೆಯಲು ನನಗೇ ಹೇಳಿದರೆ ಹೊಗಳಿಕೆ ಒಂದಕ್ಷರವೂ ಬರೆಯುವುದಿಲ್ಲ, ಅದನ್ನು ಮರ ಹೇಳುತ್ತದೆ. ರಾಟರ್‌ಡ್ಯಾಮಿನಲ್ಲಿ ಹುಟ್ಟಿದ, ಬೋ ಸ್ಟ್ರೀಟಿನಲ್ಲಿ ಬದುಕಿದ, ಇಲ್ಲಿ ಮಣ್ಣಾದ ಅಂತ ಒಂದು ಸಾಲು. ಕಲ್ಲು, ಕಂಚಿನಲ್ಲೂ ಕೆಲಸ ಮಾಡಿಸಿದ, ಈ ಚರ್ಚಿನಲ್ಲಿದ್ದ ಲೀಲಿಯ ಸ್ಮಾರಕ ಅವನದೇ, 1795ರಲ್ಲಿ ಸುಟ್ಟಿತು ಅಂತ ಇನ್ನೊಂದು. ಮೂರನೇ ಸಾಲಿನಲ್ಲಿ ಕ್ವೆಲಿನ್, ವಾನ್ ಡರ್ ಮ್ಯೂಲನ್, ಡಿವೂಟ್.